ಎಣಿಕೆಯಿಂದ ಯಾರೂ ಬಿಟ್ಟುಹೋಗದಿರಲಿ

(ಸಂಘದ ವಾರ್ಷಿಕ ಸಭೆಯಲ್ಲಿ ಉಚ್ಚಿಲದಲ್ಲಿ ಮಾಡಿದ ಭಾಷಣದ ಬರಹರೂಪ)





ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶ, ವಿದ್ಯಾರ್ಥಿವೇತನ, ಹೆಣ್ಣುಮಕ್ಕಳ ಉನ್ನತ ಶಿಕ್ಷಣ ಮುಂತಾದ ವಿಷಯಗಳ ಬಗ್ಗೆ ಮಾತು ನಡೆಯುತ್ತದೆ. ಅವೆಲ್ಲ ಅಗತ್ಯವೇ. ಇಂದು ನಾನು ಆರಿಸಿಕೊಂಡ ವಿಷಯ ಸ್ವಲ್ಪ ಬೇರೆ: ನೆರೆ, ಬಿರುಗಾಳಿ, ಬೆಂಕಿಯಂಥ ಆಪತ್ತು ಬಂದಾಗ ನಮ್ಮ ನಡುವಿನ ಅಂಗವಿಕಲರನ್ನು ಕಾಪಾಡಲು ಮೊದಲೇ ಮಾಡಿಟ್ಟುಕೊಳ್ಳಬೇಕಾದ ಸಿದ್ಧತೆ. ಶಿಕ್ಷಣ ಸಂಘಕ್ಕೂ ಇದಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಉತ್ತರ ಹೇಳುವ ಮೊದಲು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ.

ಆಷಾಢದ ಒಂದು ರಾತ್ರಿ, ಎರಡು ಗಂಟೆ. ಜಡಿಮಳೆ, ಕರೆಂಟ್ ಇಲ್ಲ. ನಿಮ್ಮ ಅಂಗಳಕ್ಕೆ ನೀರು ಬಂದಿದೆ, ಕೂಡಲೇ ಮನೆ ಬಿಡಬೇಕು. ನಿಮ್ಮ ಮನೆಯ ಸುತ್ತಲಿನ ಹತ್ತು ಮನೆಗಳಲ್ಲಿ ತಾವಾಗಿ ಎದ್ದು ಹೊರಗೆ ಬರಲಾಗದವರು ಯಾರ್ಯಾರು? ಅವರು ಮಲಗುವುದು ಯಾವ ಕೋಣೆಯಲ್ಲಿ? ಅವರನ್ನು ಎತ್ತಲು ಎಷ್ಟು ಜನ ಬೇಕು? ಆ ಜನರು ಯಾರು? ಈ ನಾಲ್ಕು ಪ್ರಶ್ನೆಗಳಿಗೆ ಥಟ್ಟನೆ ಉತ್ತರ ಹೇಳಬಲ್ಲವರು ನಮ್ಮಲ್ಲಿ ಬಹಳ ಕಡಿಮೆ. ಉತ್ತರ ಗೊತ್ತಿಲ್ಲದಿದ್ದರೆ ಆ ರಾತ್ರಿ ನಮ್ಮ ಕರುಣೆ, ಧೈರ್ಯ ಎಷ್ಟೇ ದೊಡ್ಡದಿದ್ದರೂ ಕೆಲಸಕ್ಕೆ ಬರುವುದಿಲ್ಲ. ನಾನು ಹೇಳಬೇಕಾಗಿರುವುದು ಇಷ್ಟೆ: ಆಪತ್ತಿನ ದಿನ ಅಂಗವಿಕಲರನ್ನು ಉಳಿಸುವುದು ಅದಕ್ಕೂ ಮೊದಲು ಬರೆದಿಟ್ಟ ಒಂದು ಪಟ್ಟಿ ಮತ್ತು ಮೊದಲೇ ಒಪ್ಪಿಕೊಂಡ ಇಬ್ಬರು ನೆರೆಯವರು.

ನಮ್ಮ ಊರನ್ನೇ ನೋಡಿ. ಪಶ್ಚಿಮಕ್ಕೆ ಅರಬಿ ಕಡಲು, ಪೂರ್ವಕ್ಕೆ ರಾಷ್ಟ್ರೀಯ ಹೆದ್ದಾರಿ 66. ಕಡಲಿನ ಕಡೆ ಇರುವ ಮನೆಗಳಿಗೆ ಮಳೆಗಾಲದ ಕಡಲ್ಕೊರೆತ ಹೊಸದಲ್ಲ. ಹೆದ್ದಾರಿಯ ಆಚೆ ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ನಮ್ಮ ಕಾಪು ತಾಲೂಕಿನ ಪಾದೂರಿನಲ್ಲಿ ನೆಲದಡಿಯಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಸಂಗ್ರಹಾಗಾರವಿದೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಕಡಲು, ಹೆದ್ದಾರಿ, ಕಾರ್ಖಾನೆ ಮೂರೂ ಇರುವ ಊರಿನವರು ಉಳಿದವರಿಗಿಂತ ಸ್ವಲ್ಪ ಹೆಚ್ಚು ತಯಾರಾಗಿರಬೇಕು ಎಂಬುದಕ್ಕಾಗಿ ಹೇಳುತ್ತಿದ್ದೇನೆ.

ಇತ್ತೀಚಿನ ಎರಡು ಘಟನೆಗಳನ್ನು ನೀವು ಮರೆತಿರಲಾರಿರಿ. 2020ರ ಸೆಪ್ಟೆಂಬರ್ 19ರ ರಾತ್ರಿಯಿಂದ 20ರ ಬೆಳಗಿನವರೆಗೆ ಸುರಿದ ಮಳೆಗೆ ಉಡುಪಿ ಪೇಟೆಯ ಕಲ್ಸಂಕ, ಬೈಲಕೆರೆ ಕಡೆಗಳಲ್ಲಿ ನೀರು ತುಂಬಿತು. ಸ್ವರ್ಣಾ ನದಿ ಉಕ್ಕಿತು. ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ನೀರು ಏರಿದ್ದು ಜನ ನಿದ್ದೆಯಲ್ಲಿದ್ದ ಹೊತ್ತಿನಲ್ಲಿ. ಕೈಕಾಲು ಗಟ್ಟಿ ಇದ್ದವರು ಮಹಡಿ ಹತ್ತಿದರು. ಮಹಡಿ ಹತ್ತಲಾರದವರಿಗೆ ಆ ರಾತ್ರಿ ಹೇಗಿದ್ದೀತು ಎಂದು ಯೋಚಿಸಿ.

ಮರುವರ್ಷ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಕೋರಮಂಡಲ್ ಸಪೋರ್ಟರ್ ಎಂಬ ಟಗ್ ಮೂಲ್ಕಿ ಮತ್ತು ಕಾಪು ನಡುವಿನ ಕಡಲಿನಲ್ಲಿ ಬಂಡೆಗೆ ಸಿಕ್ಕಿಹಾಕಿಕೊಂಡಿತು. ಅದರಲ್ಲಿ 9 ಮಂದಿ ಇದ್ದರು. ಮೇ 17ರಂದು ಕರಾವಳಿ ರಕ್ಷಣಾ ಪಡೆಯ ದೋಣಿಯೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ಅಷ್ಟೂ ಮಂದಿಯನ್ನು ಜೀವಂತವಾಗಿ ದಡಕ್ಕೆ ತಂದವು. ಇದರಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ಟಗ್‌ನಲ್ಲಿ ಎಷ್ಟು ಮಂದಿ ಇದ್ದಾರೆ, ಅವರು ಯಾರು, ಟಗ್ ಎಲ್ಲಿದೆ ಎಂಬ ಲೆಕ್ಕ ದಡದಲ್ಲಿದ್ದವರ ಕೈಯಲ್ಲಿತ್ತು. ಲೆಕ್ಕ ಇದ್ದುದರಿಂದ ಒಂಬತ್ತನೆಯವನೂ ಬರುವ ತನಕ ಕೆಲಸ ಮುಗಿಯಲಿಲ್ಲ. ಅದೇ ದಿನಗಳಲ್ಲಿ ಅದೇ ಕಡಲಿನ ದಂಡೆಯ ಮನೆಗಳಲ್ಲಿ ಹಾಸಿಗೆ ಹಿಡಿದವರು, ಕಣ್ಣು ಕಾಣದವರು, ಕಿವಿ ಕೇಳದವರು ಎಷ್ಟು ಮಂದಿ ಇದ್ದರು ಎಂದು ಯಾರನ್ನಾದರೂ ಕೇಳಿದ್ದರೆ ಹೇಳಬಹುದಿತ್ತೇ?

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕ. ಅಂಗವಿಕಲರಿಗೆ ಉರ್ದುವಿನಲ್ಲಿ 'ಮಾಜೂರ್' ಎನ್ನುತ್ತೇವೆ. ಈ ಪದ 'ಉಜ್ರ್' ಎಂಬ ಮೂಲದಿಂದ ಬಂದದ್ದು. ಉಜ್ರ್ ಎಂದರೆ ಒಪ್ಪತಕ್ಕ ಕಾರಣ, ವಿನಾಯಿತಿ. ಮಾಜೂರ್ ಎಂದರೆ ವಿನಾಯಿತಿ ಉಳ್ಳವನು. ಒಳ್ಳೆಯ ಪದ. ಆದರೆ ಅದನ್ನು ನಾವು ತಿರುಗುಮುರುಗಾಗಿ ಬಳಸುತ್ತಿದ್ದೇವೆಯೋ ಏನೋ ಎಂದು ನನಗೆ ಕೆಲವೊಮ್ಮೆ ಅನ್ನಿಸುತ್ತದೆ. ಮದುವೆಗೆ ಕರೆಯದಿರಲು, ಶಾಲೆಗೆ ಕಳಿಸದಿರಲು, ಸಭೆಗೆ ಕರೆತರದಿರಲು, "ಪಾಪ, ಅವನು ಮಾಜೂರ್" ಎಂದರೆ ಮುಗಿಯಿತು. ವಿನಾಯಿತಿ ಇರುವುದು ಅವನಿಗೆ. ಅವನನ್ನು ಲೆಕ್ಕದಿಂದ ಬಿಡುವ ವಿನಾಯಿತಿ ನಮಗೆ ಯಾರೂ ಕೊಟ್ಟಿಲ್ಲ.

ಅವರ ಸಂಖ್ಯೆ ಕಡಿಮೆ ಎಂದು ತಿಳಿಯಬೇಡಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಆಗ ಎಣಿಸಿದ್ದು ಕೆಲವೇ ಬಗೆಯ ವೈಕಲ್ಯಗಳನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಗಳನ್ನು ಗುರುತಿಸಿದೆ. ಕಾಸರಗೋಡು, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಗೇರುತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನಿನಿಂದ ನೊಂದು ಹಾಸಿಗೆಯಲ್ಲೇ ದೊಡ್ಡವರಾದ ಮಕ್ಕಳಿದ್ದಾರೆ. ಇವರ ಜೊತೆಗೆ ಪಾರ್ಶ್ವವಾಯು ಹೊಡೆದ ಅಜ್ಜ, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ ಅಜ್ಜಿಯನ್ನೂ ಸೇರಿಸಿದರೆ ಈ ಸಭೆಯಲ್ಲಿರುವ ಎಷ್ಟೋ ಮನೆಗಳಿಗೆ ಈ ವಿಷಯ ತಟ್ಟುತ್ತದೆ.

ತಯಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಹಿ ನೆನಪು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಊರಿನಲ್ಲಿ, ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಖಾಸಗಿ ಗುಡಿಸಲಿಗೆ ನಸುಕಿನಲ್ಲಿ ಬೆಂಕಿ ಬಿತ್ತು. 28 ಮಂದಿ ಸತ್ತರು. ಅವರು ಓಡಲಿಲ್ಲ, ಯಾಕೆಂದರೆ ಅವರನ್ನು ಸರಪಳಿಯಿಂದ ಕಟ್ಟಿಹಾಕಲಾಗಿತ್ತು. ಸುಪ್ರೀಂ ಕೋರ್ಟ್ ತಾನಾಗಿಯೇ ಆ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅದೆಲ್ಲ ದೂರದ ಊರಿನ ಮಾತು ಎನ್ನುವ ಮುನ್ನ ನಮ್ಮ ಮನೆಗಳ ಬಾಗಿಲು ನೋಡಿಕೊಳ್ಳೋಣ. ಬುದ್ಧಿಮಾಂದ್ಯ ಮಗು ಹೊರಗೆ ಓಡಿಹೋಗದಿರಲಿ ಎಂದು ಹೊರಗಿನಿಂದ ಚಿಲಕ ಹಾಕುವುದು ನಮ್ಮಲ್ಲಿಯೂ ಇದೆ. ತಾಯಿ ಪೇಟೆಗೆ ಹೋದ ಹೊತ್ತಿನಲ್ಲಿ ಒಲೆಯ ಬೆಂಕಿಯೋ ಕರೆಂಟಿನ ಶಾರ್ಟೋ ಆದರೆ ಆ ಚಿಲಕವೇ ಸರಪಳಿಯಾಗುತ್ತದೆ. ಆ ತಾಯಿಯನ್ನು ದೂರಿ ಪ್ರಯೋಜನವಿಲ್ಲ. ಅವಳಿಗೆ ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳುವ ಒಬ್ಬರು ನೆರೆಯವರು ಬೇಕು. ಬೀಗ ಹಾಕಲೇಬೇಕಾದ ಸಂದರ್ಭದಲ್ಲಿ ಇನ್ನೊಂದು ಕೀಲಿ ಪಕ್ಕದ ಮನೆಯಲ್ಲಿರಬೇಕು.

ಇನ್ನು ಜಪಾನ್. ವಿಪತ್ತಿನ ತಯಾರಿಯಲ್ಲಿ ಅದು ಜಗತ್ತಿಗೇ ಮಾದರಿ. ಅಲ್ಲಿಯೂ 2011ರ ಮಾರ್ಚ್ 11ರ ಸುನಾಮಿಯಲ್ಲಿ ಅಂಗವಿಕಲರ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಅವರು ಅದರಿಂದ ಕಲಿತದ್ದೇನು? 2013ರಲ್ಲಿ ಕಾನೂನು ತಿದ್ದಿ, ಸಹಾಯ ಬೇಕಾದವರ ಪಟ್ಟಿಯನ್ನು ಪ್ರತಿಯೊಂದು ಸ್ಥಳೀಯ ಆಡಳಿತವೂ ಇಡಬೇಕೆಂದರು. ಬರೀ ಪಟ್ಟಿ ಸಾಲದೆಂದು 2021ರಲ್ಲಿ ಮತ್ತೆ ತಿದ್ದಿ, ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಪ್ರತ್ಯೇಕ ಯೋಜನೆ ತಯಾರಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟರು. ಮೊದಲು ಪಟ್ಟಿ, ಆಮೇಲೆ ಒಬ್ಬೊಬ್ಬರ ಯೋಜನೆ.

ನಮ್ಮ ದೇಶದಲ್ಲೂ ಕಾನೂನು ಇದೆ. 2016ರ ಕಾಯಿದೆಯ 8ನೇ ಕಲಂ ಆಪತ್ತಿನ ಸಂದರ್ಭದಲ್ಲಿ ಅಂಗವಿಕಲರಿಗೆ ಸಮಾನ ರಕ್ಷಣೆಯ ಹಕ್ಕನ್ನು ಕೊಡುತ್ತದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ಅಂಗವಿಕಲರ ವಿವರಗಳ ದಾಖಲೆ ಇಡಬೇಕು, ಅಪಾಯದ ಸೂಚನೆ ಅವರಿಗೆ ತಲುಪುವಂತೆ ಕ್ರಮ ಕೈಗೊಳ್ಳಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. 2019ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ. ಆದರೆ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕುಳಿತವರಿಗೆ ಉಚ್ಚಿಲದ ಯಾವ ಓಣಿಯ ಯಾವ ಮನೆಯ ಒಳಕೋಣೆಯಲ್ಲಿ ಯಾರು ಮಲಗಿದ್ದಾರೆ ಎಂದು ತಾನಾಗಿ ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ನೆರೆಮನೆಯವರಿಗೆ, ಆಶಾ ಕಾರ್ಯಕರ್ತೆಗೆ, ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಮತ್ತು ಶಿಕ್ಷಕರಿಗೆ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆ ಇರುವುದರಿಂದ ಅಂಥ ಮಕ್ಕಳ ಹೆಸರು ಶಿಕ್ಷಣ ಇಲಾಖೆಯ ಬಳಿ ಇರುತ್ತದೆ. ಶಿಕ್ಷಣ ಸಂಘಕ್ಕೂ ಈ ವಿಷಯಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗೆ ಇದೇ ಉತ್ತರ. ಮನೆಮನೆಯ ಪರಿಚಯ ನಮಗಿದೆ.

ಈಗ ಮನೆಯಲ್ಲಿ ಮಾಡಬೇಕಾದ್ದನ್ನು ಹೇಳುತ್ತೇನೆ. ಒಂದು ಹಾಳೆ ತೆಗೆದುಕೊಳ್ಳಿ. ಅಂಗವಿಕಲರ ಜೊತೆ ಕುಳಿತು, ಅವರನ್ನೇ ಕೇಳಿ ಬರೆಯಿರಿ. ಮಾತು ಬಾರದವರಾದರೆ ಅವರನ್ನು ದಿನಾಲೂ ನೋಡಿಕೊಳ್ಳುವವರನ್ನು ಕೇಳಿ. ಹಾಳೆಯಲ್ಲಿ ಇಷ್ಟು ಇರಲಿ: ಹೆಸರು, ಮಲಗುವ ಕೋಣೆ, ಹೇಗೆ ನಡೆಸಬೇಕು ಅಥವಾ ಎತ್ತಬೇಕು, ತಿನ್ನುವ ಔಷಧಿಗಳು, ಆಗದ ಔಷಧಿಗಳು, ನೋಡುವ ಡಾಕ್ಟರು, ಎಲ್ಲಿಗೆ ಕರೆದೊಯ್ಯಬೇಕು, ಮತ್ತು ಬರಲು ಒಪ್ಪಿದ ಇಬ್ಬರು ನೆರೆಯವರ ಹೆಸರು ಹಾಗೂ ಮೊಬೈಲ್ ಸಂಖ್ಯೆ. ಇಬ್ಬರು ಯಾಕೆಂದರೆ ಒಬ್ಬರು ಊರಲ್ಲಿಲ್ಲದಿರಬಹುದು. ಒಂದು ಪ್ರತಿ ಬಾಗಿಲ ಹಿಂದೆ, ಒಂದೊಂದು ಆ ನೆರೆಯವರ ಬಳಿ ಇರಲಿ. ಒಂದು ವಾರದ ಔಷಧಿ, ಔಷಧಿ ಚೀಟಿ, ಯುಡಿಐಡಿ ಕಾರ್ಡ್ ಮತ್ತು ಆಧಾರ್‌ನ ನಕಲು, ಟಾರ್ಚು, ಸೀಟಿ, ಒಂದು ಜೊತೆ ಬಟ್ಟೆ, ಶ್ರವಣ ಸಾಧನದ ಬ್ಯಾಟರಿ ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮೂರ್ಛೆರೋಗದ ಗುಳಿಗೆ ಥಟ್ಟನೆ ನಿಂತರೆ ಅಪಾಯ. ನೆರೆಯ ದಿನ ಮೆಡಿಕಲ್ ಅಂಗಡಿ ತೆರೆದಿರುವುದಿಲ್ಲ. ಮನೆಯಲ್ಲಿ ಆಕ್ಸಿಜನ್ ಯಂತ್ರ ಇರುವವರು ಕರೆಂಟ್ ಹೋದರೆ ಏನು ಮಾಡಬೇಕೆಂದು ಡಾಕ್ಟರರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ನೆರವಿಗೆ ಹೋಗುವ ಯುವಕರೇ, ಇದನ್ನು ಗಮನವಿಟ್ಟು ಕೇಳಿ. ಒಬ್ಬೊಬ್ಬರ ಅಗತ್ಯ ಒಂದೊಂದು ಬಗೆ.

ಕಣ್ಣು ಕಾಣದವರನ್ನು ಹಿಂದಿನಿಂದ ದೂಡಬೇಡಿ, ಕೈ ಹಿಡಿದು ಎಳೆಯಬೇಡಿ. ನಿಮ್ಮ ಹೆಸರು ಹೇಳಿ, ನಿಮ್ಮ ಮೊಣಕೈ ಅವರು ಹಿಡಿಯಲಿ. ಅರ್ಧ ಹೆಜ್ಜೆ ಮುಂದೆ ನಡೆಯುತ್ತ, ಮೆಟ್ಟಿಲು, ನೀರು, ಕಲ್ಲು ಎಂದು ಹೇಳುತ್ತ ಹೋಗಿ. ನೀರು ಹರಿದ ಮೇಲೆ ಅವರಿಗೆ ಗೊತ್ತಿದ್ದ ದಾರಿಯ ಗುರುತುಗಳೆಲ್ಲ ಅಳಿಸಿಹೋಗಿರುತ್ತವೆ.

ಕಿವಿ ಕೇಳದವರಿಗೆ ಮಸೀದಿಯ ಮೈಕಿನಲ್ಲಿ ಎಷ್ಟು ಸಲ ಕೂಗಿದರೂ ತಲುಪುವುದಿಲ್ಲ. ಪೊಲೀಸ್ ಜೀಪಿನ ಸೈರನ್ನೂ ಅಷ್ಟೆ. ಅವರ ಮನೆಗೆ ಒಬ್ಬರು ಹೋಗಲೇಬೇಕು. ಕಿಟಕಿಗೆ ಟಾರ್ಚು ಹೊಡೆದು ಎಬ್ಬಿಸುವುದು, ಕೈಸನ್ನೆ, ಮೊಬೈಲಿನಲ್ಲಿ ಬರೆದು ತೋರಿಸುವುದು, ಇವನ್ನೆಲ್ಲ ಅವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಅವರು 112ಕ್ಕೆ ಕರೆ ಮಾಡಿ ಮಾತಾಡಲಾರರು. ಅವರ ಸಂದೇಶ ಬಂದ ಕೂಡಲೇ ಅವರ ಪರವಾಗಿ ಕರೆ ಮಾಡುವ ನೆರೆಯವರೊಬ್ಬರು ಗೊತ್ತಾಗಿರಲಿ.

ನಡೆಯಲಾಗದವರನ್ನು ಎತ್ತುವ ಮೊದಲು ಹೇಗೆ ಎತ್ತಬೇಕೆಂದು ಅವರನ್ನೇ ಕೇಳಿ. ಬೆನ್ನುಮೂಳೆಗೆ ಪೆಟ್ಟಾದವರನ್ನು ಬಗಲಿಗೆ ಕೈ ಹಾಕಿ ಎಳೆದರೆ ಇನ್ನೊಂದು ಗಾಯವಾಗುತ್ತದೆ. ಕೈಯಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಅಥವಾ ನಾಲ್ವರು ಎತ್ತಬಹುದು. ಮಲಗಿದವರನ್ನು ದಪ್ಪ ಕಂಬಳಿಯ ನಾಲ್ಕು ಮೂಲೆ ಹಿಡಿದು ಸಾಗಿಸಬಹುದು. ಗಾಲಿಕುರ್ಚಿ, ಊರುಗೋಲು, ಕೃತಕ ಕಾಲನ್ನು "ಆಮೇಲೆ ತರೋಣ" ಎಂದು ಬಿಟ್ಟುಬರಬೇಡಿ. ಅವು ಅವರ ಕಾಲುಗಳು.

ಬುದ್ಧಿಮಾಂದ್ಯ ಮತ್ತು ಆಟಿಸಂ ಇರುವ ಮಕ್ಕಳು ಗದ್ದಲಕ್ಕೆ ಹೆದರಿ ಮಂಚದಡಿ ಅಡಗುತ್ತಾರೆ ಅಥವಾ ಓಡುತ್ತಾರೆ. ಪರಿಚಯದ ಮುಖ, ಸಣ್ಣ ವಾಕ್ಯ, ಅವರ ಇಷ್ಟದ ಒಂದು ಆಟಿಕೆ, ಕೊರಳಲ್ಲಿ ಹೆಸರು ಮತ್ತು ಮನೆಯವರ ಫೋನ್ ಸಂಖ್ಯೆಯ ಚೀಟಿ, ಇಷ್ಟಿದ್ದರೆ ಅರ್ಧ ಕಷ್ಟ ಕಡಿಮೆ.

2018ರ ಕೇರಳದ ನೆರೆಯಲ್ಲಿ ಮಲಪ್ಪುರಂ ಜಿಲ್ಲೆಯ ಒಬ್ಬ ಮೀನುಗಾರ ನೀರಿನಲ್ಲಿ ಬಾಗಿ ಕುಳಿತು, ಹೆಂಗಸರು ದೋಣಿ ಹತ್ತಲು ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿಕೊಟ್ಟದ್ದನ್ನು ನೀವೆಲ್ಲ ನೋಡಿದ್ದೀರಿ. ಆ ಬೆನ್ನಿಗೆ ನಮ್ಮ ಗೌರವ ಸಲ್ಲಲೇಬೇಕು. ಅದರ ಜೊತೆಗೆ ಒಂದು ಪಾಠವನ್ನೂ ಕಲಿಯೋಣ. ದೋಣಿ ಬಾಗಿಲಿಗೆ ಬಂದರೂ ಹತ್ತಲಾಗದವರು ಇರುತ್ತಾರೆ. ರಕ್ಷಣೆಗೆ ಹೊರಡುವ ದೋಣಿಯಲ್ಲಿ ಒಂದು ಸ್ಟೂಲು, ಒಂದು ಹಲಗೆ, ಒಂದು ಕಂಬಳಿ ಇರಲಿ.

ನಮ್ಮಲ್ಲಿ ಇನ್ನೊಂದು ವಿಶೇಷ ಪರಿಸ್ಥಿತಿ ಇದೆ. ಎಷ್ಟೋ ಮನೆಗಳ ಗಂಡಸರು ಗಲ್ಫಿನಲ್ಲಿದ್ದಾರೆ. ಮನೆಯಲ್ಲಿ ಇರುವುದು ವಯಸ್ಸಾದ ಉಮ್ಮ, ಸೊಸೆ, ಸಣ್ಣ ಮಕ್ಕಳು. ದುಬೈಯಿಂದ ಹಣ ಬರುತ್ತದೆ, ವಿಡಿಯೋ ಕರೆ ಬರುತ್ತದೆ; ಎತ್ತುವ ಕೈ ಬರುವುದಿಲ್ಲ. ಅಂಥ ಮನೆಗಳಿಗೆ ನೆರೆಯವರೇ ಬಂಧುಗಳು. ನಮ್ಮ ನೆರೆಯಲ್ಲಿ ಮೊಗವೀರ ಬಾಂಧವರಿದ್ದಾರೆ. ಕಡಲನ್ನು ಅವರಷ್ಟು ಬಲ್ಲವರು ಯಾರೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮಳೆ ಜೋರಾಗಿರುವ ಆ ಎರಡು ತಿಂಗಳು ಬೋಟಿಗೆ ಹೋಗುವ ಬಹಳಷ್ಟು ಮಂದಿ ಮನೆಯಲ್ಲೇ ಇರುತ್ತಾರೆ. ಅವರನ್ನು ಕರೆದು, ಜೊತೆಗೆ ಕುಳಿತು ಯೋಜನೆ ಮಾಡೋಣ. ಅವರ ಮನೆಗಳಲ್ಲೂ ಹಾಸಿಗೆ ಹಿಡಿದವರಿದ್ದಾರೆ. ನೀರು ಯಾರ ಮನೆಯೆಂದು ಕೇಳಿ ಒಳಗೆ ಬರುವುದಿಲ್ಲ.

ಕೊನೆಯದಾಗಿ ಶಾಲೆಯ ವಿಷಯ. ಶಾಲೆಗಳಲ್ಲಿ ಈಗ ಅಗ್ನಿಶಾಮಕ ದಳದವರು ಬಂದು ಅಣಕು ಪ್ರದರ್ಶನ ನಡೆಸುತ್ತಾರೆ. ಗಂಟೆ ಹೊಡೆಯುತ್ತದೆ, ಮಕ್ಕಳು ಸಾಲಾಗಿ ಮೈದಾನಕ್ಕೆ ಬರುತ್ತಾರೆ. ನಡೆಯಲಾಗದ ಮಗುವಿಗೆ ಮಾತ್ರ, "ನೀನು ಇಲ್ಲೇ ಕೂತಿರು, ಇದು ಸುಮ್ಮನೆ ಪ್ರದರ್ಶನ" ಎನ್ನುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಮಗುವಿಗೆ ತೊಂದರೆಯಾಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಹೇಳುತ್ತಾರೆ. ಆದರೆ ಆ ದಿನ ಇಡೀ ಶಾಲೆ ಅಭ್ಯಾಸ ಮಾಡಿದ್ದು ಏನನ್ನು? ಆ ಮಗುವನ್ನು ಒಳಗೆ ಬಿಟ್ಟು ಹೊರಗೆ ಬರುವುದನ್ನು. ನಿಜವಾದ ಬೆಂಕಿಯ ದಿನವೂ ಕಾಲುಗಳು ಅಭ್ಯಾಸವಾದ ದಾರಿಯಲ್ಲೇ ಓಡುತ್ತವೆ. ಆದ್ದರಿಂದ ಆ ಮಗುವನ್ನು ಹೊರತರುವುದೇ ಅಭ್ಯಾಸದ ಮೊದಲ ಭಾಗವಾಗಬೇಕು. ಯಾವ ಶಿಕ್ಷಕರು, ಯಾವ ಇಬ್ಬರು ದೊಡ್ಡ ಮಕ್ಕಳು ಎಂದು ಜೂನ್ ತಿಂಗಳಲ್ಲೇ ನಿಶ್ಚಯವಾಗಬೇಕು. ಅಂಥ ಮಗುವಿನ ತರಗತಿ ನೆಲಅಂತಸ್ತಿನಲ್ಲೇ ಇರಬೇಕು.

ನೆರೆಯ ಸಮಯದಲ್ಲಿ ಶಾಲೆಗಳನ್ನೇ ಕಾಳಜಿ ಕೇಂದ್ರ ಮಾಡುತ್ತಾರೆ. ಗಾಲಿಕುರ್ಚಿ ಹೋಗುವ ಇಳಿಜಾರು ದಾರಿ, ಒಳಗೆ ತಿರುಗಿಸಲು ಜಾಗವಿರುವ, ಹಿಡಿಕೆ ಇರುವ ಶೌಚಾಲಯ, ನೆಲದಲ್ಲಿ ಮಲಗಲಾರದವರಿಗೆ ಒಂದೆರಡು ಮಂಚ, ಇಷ್ಟು ಇಲ್ಲದಿದ್ದರೆ ಅಂಗವಿಕಲರು, ಅದರಲ್ಲೂ ಹೆಂಗಸರು, ಅಲ್ಲಿಗೆ ಬರಲು ಒಪ್ಪುವುದಿಲ್ಲ. "ನಾನು ಮನೆಯಲ್ಲೇ ಇರುತ್ತೇನೆ, ನೀವು ಹೋಗಿ" ಎಂದು ಅಜ್ಜಿ ಹೇಳಿದರೆ ಅದು ಹಠವೆಂದು ತಿಳಿಯಬೇಡಿ. ಶೌಚಕ್ಕೆ ಯಾರ ಕೈ ಹಿಡಿಯಲಿ ಎಂಬ ನಾಚಿಕೆ ಅದರ ಹಿಂದೆ ಇರುತ್ತದೆ.

ಹಾಗಾದರೆ ನಮ್ಮ ಸಂಘ ಏನು ಮಾಡಬಹುದು? ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಮುಂದಿನ ಮುಂಗಾರಿಗೆ ಮೊದಲು ಮನೆಮನೆಗೆ ಹೋಗಿ, ಒಪ್ಪಿಗೆ ಕೇಳಿ, ಪಟ್ಟಿ ತಯಾರಿಸುವುದು. ಪಿಯುಸಿ ಮತ್ತು ಡಿಗ್ರಿ ವಿದ್ಯಾರ್ಥಿಗಳು ಇದನ್ನು ಒಂದೆರಡು ಭಾನುವಾರಗಳಲ್ಲಿ ಮುಗಿಸಬಲ್ಲರು. ಹೆಂಗಸರ ಮಾಹಿತಿಗೆ ವಿದ್ಯಾರ್ಥಿನಿಯರೇ ಹೋಗಲಿ. ಈ ಪಟ್ಟಿ ಯಾವ ಕಾರಣಕ್ಕೂ ವಾಟ್ಸಾಪ್ ಗುಂಪಿಗೆ ಹೋಗಬಾರದು. ಒಂಟಿಯಾಗಿರುವ ಅಸಹಾಯಕರ ವಿವರ ತಪ್ಪು ಕೈಗೆ ಸಿಗಬಾರದು, ಮನೆಯ ಮಾತು ಬೀದಿಗೆ ಬರಬಾರದು.

ಎರಡನೆಯದು, ಆ ಪಟ್ಟಿಯ ಪ್ರತಿಯನ್ನು ಬಡಾ ಗ್ರಾಮ ಪಂಚಾಯತಿಗೂ ಕಾಪು ತಹಶೀಲ್ದಾರರ ಕಚೇರಿಗೂ ಮನವಿಯೊಂದಿಗೆ ಕೊಟ್ಟು, ಅದು ಜಿಲ್ಲೆಯ ದಾಖಲೆಗೆ ಸೇರುವಂತೆ 8ನೇ ಕಲಮಿನ ಹೆಸರಿನಲ್ಲಿ ಕೇಳುವುದು. ಸುತ್ತಲಿನ ಕಾರ್ಖಾನೆಗಳ ಅಣಕು ಪ್ರದರ್ಶನಗಳಲ್ಲಿ ಅಂಗವಿಕಲರನ್ನೂ ಸೇರಿಸಬೇಕೆಂದು ಅದೇ ಮನವಿಯಲ್ಲಿ ಬರೆಯೋಣ. ಜಿಲ್ಲಾ ಕಂಟ್ರೋಲ್ ರೂಮಿನ 1077, ಆಂಬುಲೆನ್ಸಿನ 108, ತುರ್ತು ಸಹಾಯದ 112, ಈ ಮೂರು ಸಂಖ್ಯೆಗಳು ಪ್ರತಿ ಮನೆಯ ಗೋಡೆಯ ಮೇಲಿರಲಿ.

ಮೂರನೆಯದು, ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ದಿನ ಅಭ್ಯಾಸ ನಡೆಸುವುದು, ಪಟ್ಟಿಯನ್ನು ತಿದ್ದುವುದು. ಹಳೆಯ ಪಟ್ಟಿ ಹಳೆಯ ಔಷಧಿಯ ಹಾಗೆ; ಡಬ್ಬಿಯಲ್ಲಿ ಇದೆ ಎಂಬ ಧೈರ್ಯ ಕೊಡುತ್ತದೆ, ಬೇಕಾದಾಗ ಕೆಲಸ ಮಾಡುವುದಿಲ್ಲ. ಯೋಜನೆ ಮಾಡುವ ಸಮಿತಿಯಲ್ಲಿ ಅಂಗವಿಕಲರೇ ಇಬ್ಬರಾದರೂ ಇರಲಿ. ತಮ್ಮ ಮನೆಯ ಹೊಸ್ತಿಲು ಎಷ್ಟು ಎತ್ತರ ಎಂದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಇದಕ್ಕೆ ದೊಡ್ಡ ಹಣ ಬೇಡ, ಯಾರ ಅಪ್ಪಣೆಯೂ ಬೇಡ. ಒಂದು ನೋಟ್ ಪುಸ್ತಕ, ಒಂದು ಪೆನ್ನು, ನೆರೆಮನೆಯ ಬಾಗಿಲು ತಟ್ಟುವ ಮನಸ್ಸು ಸಾಕು. ಈ ಲೇಖನ ಓದಿ ಮುಗಿಸಿದ ಮೇಲೆ ನಿಮ್ಮ ಬೀದಿಯ ಹತ್ತು ಮನೆಗಳನ್ನು ಮನಸ್ಸಿನಲ್ಲೇ ಒಮ್ಮೆ ಸುತ್ತಿ ಬನ್ನಿ. ಎಲ್ಲಿ ನಿಮಗೆ ಉತ್ತರ ಹೊಳೆಯುವುದಿಲ್ಲವೋ, ಆ ಮನೆಗೆ ನಾಳೆ ಹೋಗಿ.